ತುಮಕೂರು ಮಂಡಿಪೇಟೆಯ ರಿಪೇರಿ ಅಂಗಡಿ: ಬಿಬಿಸಿ ಮೈಕ್ರೋ ಹ್ಯಾಂಗ್ ಆಗುವುದೂ ನಿಂತಿತು, ಅಪಸ್ವರವೂ ನಿಂತಿತು

ಮೊದಲೇ ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಮನೆ ಕಂಪ್ಯೂಟರನ್ನು ತುಮಕೂರಿನಲ್ಲೇ ರಿಪೇರಿ ಮಾಡಿಸಬಹುದು. ಅದಕ್ಕಾಗಿ ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕಿಲ್ಲ. ಮಂಡಿಪೇಟೆಯ ಒಂದು ಒಳಗಲ್ಲಿಯಲ್ಲಿ, ಗೋಣಿಚೀಲ ಮತ್ತು ಹಗ್ಗ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇದೆ. ಬೋರ್ಡಿನಲ್ಲಿ ಹೆಸರಿಗಿಂತ ದೊಡ್ಡದಾಗಿ ಆಂಪ್ಲಿಫೈಯರ್, ಯುಪಿಎಸ್, ಮೋಟರ್ ಸ್ಟಾರ್ಟರ್ ಅಂತ ಬರೆದಿದೆ. ಕಂಪ್ಯೂಟರ್ ಅನ್ನುವ ಪದವೇ ಅಲ್ಲಿಲ್ಲ. ಆದರೂ ನನ್ನ ಬಿಬಿಸಿ ಮೈಕ್ರೋ ಈಗ ಇಡೀ ದಿನ ಹಚ್ಚಿಟ್ಟರೂ ಸರಿಯಾಗಿ ಓಡುತ್ತಿದೆ ಅಂದರೆ ಅದು ಇವರಿಂದಲೇ.

ಬಿಬಿಸಿ ಮೈಕ್ರೋ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಏಕಾರ್ನ್ ಅನ್ನುವ ಕಂಪನಿ 1981ರಲ್ಲಿ ಮಾಡಿದ ಯಂತ್ರ ಇದು. 6502 ಪ್ರೊಸೆಸರ್, 2 ಮೆಗಾಹರ್ಟ್ಜ್ ವೇಗ, 32 ಕಿಲೋಬೈಟ್ ಮೆಮೊರಿ. ಕೆಂಪು ಬಣ್ಣದ ಫಂಕ್ಷನ್ ಕೀಗಳ ಒಂದು ಸಾಲು ಇರುತ್ತದೆ, ನೋಡಿದವರು ಮರೆಯುವುದಿಲ್ಲ. ಇದನ್ನು ಮಾಡಿದ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಅವರೇ ಮುಂದೆ ಏಆರ್‌ಎಂ ಪ್ರೊಸೆಸರ್ ಮಾಡಿದರು. ನಿಮ್ಮ ಕೈಯಲ್ಲಿರುವ ಮೊಬೈಲಿನ ಒಳಗೆ ಇರುವುದು ಬಹುಶಃ ಅದರ ಸಂತತಿಯೇ. ನಮ್ಮ ದೇಶಕ್ಕೆ ಇದು ಬಂದಿದ್ದು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ, ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯ ಮಾಡಿಸಲು. ನನ್ನ ಸೋದರಮಾವ ಆಗ ಗಣಿತದ ಮೇಷ್ಟ್ರು. ಅವರ ಶಾಲೆ ಹಳೇ ಸಾಮಾನುಗಳನ್ನು ಹರಾಜು ಹಾಕಿದಾಗ ಇದನ್ನು ಅವರೇ ಕೊಂಡುಕೊಂಡರು. ಅವರಿಂದ ನನಗೆ ಬಂತು.

ಈಗ ತೊಂದರೆ ಏನಿತ್ತು ಅಂತ ಹೇಳುತ್ತೇನೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದೇ ಲಕ್ಷಣಗಳು ನಿಮ್ಮ ಯಂತ್ರದಲ್ಲೂ ಇರಬಹುದು.

ಈ ಯಂತ್ರವನ್ನು ಆನ್ ಮಾಡಿದರೆ ಮೊದಲು ಒಂದು ದಪ್ಪ ಸದ್ದು, ಅದರ ಹಿಂದೆಯೇ ಒಂದು ಸಣ್ಣ ಬೀಪ್ ಬರಬೇಕು. ಶಬ್ದದ ಚಿಪ್‌ಗೆ ಕರೆಂಟ್ ಬಂದ ಕೂಡಲೇ ಅದು ತನ್ನಷ್ಟಕ್ಕೆ ದಪ್ಪ ಸ್ವರ ಹೊರಡಿಸುತ್ತದೆ. ಆಮೇಲೆ ಪ್ರೊಸೆಸರ್ ಎದ್ದು ಅದನ್ನು ಸುಮ್ಮನಾಗಿಸಿ ಬೀಪ್ ಮಾಡುತ್ತದೆ. ಹಾಗಾಗಿ ದಪ್ಪ ಸ್ವರ ನಿಲ್ಲದೆ ಎಳೆಯುತ್ತಲೇ ಇದ್ದರೆ ಪ್ರೊಸೆಸರ್ ಎದ್ದೇ ಇಲ್ಲ ಅಂತ ಅರ್ಥ. ನನ್ನದು ಕೆಲವು ಸಲ ಸರಿಯಾಗಿ ಏಳುತ್ತಿತ್ತು, ಕೆಲವು ಸಲ ಸುಮ್ನೆ ಗೂಂ ಅಂತ ಎಳೆಯುತ್ತಾ ನಿಲ್ಲುತ್ತಿತ್ತು. ಎದ್ದರೂ ನೆಮ್ಮದಿ ಇಲ್ಲ. ಸ್ವಲ್ಪ ಹೊತ್ತು ಬಿಸಿಯಾದ ಮೇಲೆ ಪರದೆಯ ತುಂಬಾ ಕಸದಂಥ ಅಕ್ಷರಗಳು ಬಂದು ಹ್ಯಾಂಗ್ ಆಗುತ್ತಿತ್ತು. ಬ್ರೇಕ್ ಕೀ ಒತ್ತಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಈ ಬ್ರೇಕ್ ಕೀ ನೇರವಾಗಿ ಪ್ರೊಸೆಸರ್‌ನ ರೀಸೆಟ್ ಗೆರೆಗೆ ಹೋಗುತ್ತದೆ, ಆದ್ದರಿಂದ ಪ್ರೋಗ್ರಾಂ ತಪ್ಪಿನಿಂದ ಆದ ಹ್ಯಾಂಗ್ ಆಗಿದ್ದರೆ ಅದು ಒತ್ತಿದ ಕೂಡಲೇ ಬಿಡಬೇಕು. ಬಿಡಲಿಲ್ಲ ಅಂದರೆ ಯಂತ್ರದಲ್ಲೇ ದೋಷ.

ಇನ್ನು ಶಬ್ದದ ಗೋಳು. ಒಂದು ಸ್ವರ ನುಡಿಸು ಅಂದರೆ ಇನ್ನೊಂದು ನುಡಿಸುವುದು. ನಿಲ್ಲಬೇಕಾದ ಸ್ವರ ನಿಲ್ಲದೆ ಕಿವಿ ಕೊರೆಯುವುದು. ಮಧ್ಯೆ ಮಧ್ಯೆ ಚರ್ ಚರ್ ಅನ್ನುವುದು. ಇದರ ಜೊತೆಗೆ ಟೈಪ್ ಮಾಡುವಾಗ ಅಕ್ಷರ ನುಂಗುವುದು ಅಥವಾ ಒತ್ತದ ಅಕ್ಷರ ಬರುವುದು. ಕೀಬೋರ್ಡಿನ ತೊಂದರೆ ಬೇರೆ, ಶಬ್ದದ ತೊಂದರೆ ಬೇರೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ.

ಇಲ್ಲಿಗೆ ಬರುವ ಮೊದಲು ಇದನ್ನು ಬೇರೆ ಊರಿನ ಒಂದು ಸರ್ವಿಸ್ ಸೆಂಟರಿಗೆ ಕಳಿಸಿದ್ದೆ. ಹೆಸರು ಬೇಡ. ಅವರು ಶಬ್ದದ ಚಿಪ್ ಬದಲಾಯಿಸಿದ್ದೇವೆ ಅಂತ ಬಿಲ್ ಹಾಕಿದರು. ವಾಪಸ್ ಬಂದ ಯಂತ್ರ ಮೊದಲಿನ ಹಾಗೇ ಹಾಡಿತು. ಕೇಳಿದರೆ, ಬೋರ್ಡೇ ಹೋಗಿದೆ, ಶೋಕೇಸಿನಲ್ಲಿ ಇಟ್ಟುಕೊಳ್ಳಿ ಅಂದರು. ಎಲ್ಲಿ ಅಳತೆ ಮಾಡಿದಿರಿ, ಏನು ಬಂತು ಅಂದರೆ ಉತ್ತರವಿಲ್ಲ. ನನಗೆ ನಿಜವಾಗಿ ಬೇಜಾರಾಗಿದ್ದು ಅದಕ್ಕೇ. ದುಡ್ಡು ಹೋದರೆ ಹೋಗಲಿ, ಏನು ನೋಡಿದೆವು ಅಂತ ಹೇಳಬೇಕು ಅಲ್ವಾ.

ಮಂಡಿಪೇಟೆ ಅಂಗಡಿಯ ದಾರಿ ತೋರಿಸಿದವರು ನಮ್ಮ ಬಡಾವಣೆಯ ಭಜನಾ ಮಂಡಳಿಯವರು. ಅವರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಮೈಕ್ ಸೆಟ್ ಎಲ್ಲಾ ಅಲ್ಲೇ ರಿಪೇರಿ ಆಗುವುದು. ಮೆಟ್ಟಿಲು ಕಡಿದು, ಕೈಯಲ್ಲಿ ಭಾರ ಇದ್ದರೆ ಹುಷಾರಾಗಿ ಹತ್ತಬೇಕು. ಒಳಗೆ ಒಂದು ಕಡೆ ಆರ್ಕೆಸ್ಟ್ರಾದವರ ಮಿಕ್ಸರ್‌ಗಳು, ಇನ್ನೊಂದು ಕಡೆ ಗುಬ್ಬಿ, ತುರುವೇಕೆರೆ ಕಡೆಯ ರೈತರು ತಂದಿಟ್ಟ ಬೋರ್‌ವೆಲ್ ಸ್ಟಾರ್ಟರ್ ಪ್ಯಾನೆಲ್‌ಗಳು. ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ ಕಟ್ಟಿದೆ. ಚೀಟಿಯಲ್ಲಿ ಯಾರದು ಅನ್ನುವುದಕ್ಕಿಂತ ಏನು ಕಾಯಿಲೆ ಅನ್ನುವುದನ್ನೇ ಉದ್ದಕ್ಕೆ ಬರೆದಿದ್ದಾರೆ. ನನಗೆ ಅಲ್ಲೇ ಅರ್ಧ ಧೈರ್ಯ ಬಂತು.

ಯಜಮಾನರಿಗೆ ಅರವತ್ತು ದಾಟಿದೆ. ಮೊದಲು ಇದೇ ಊರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. ಈಗಲೂ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಭೂತಗನ್ನಡಿ ಹಾಕಿಕೊಂಡೇ ಬೋರ್ಡ್ ನೋಡುತ್ತಾರೆ. ಬಿಬಿಸಿ ಮೈಕ್ರೋ ಅವರು ಮೊದಲು ರಿಪೇರಿ ಮಾಡಿರಲಿಲ್ಲ, ಅದನ್ನು ನೇರವಾಗಿಯೇ ಹೇಳಿದರು. "ಈ ಮಿಷನ್ ನಾನು ಬಿಚ್ಚಿಲ್ಲ ಸಾರ್. ಆದ್ರೆ ಐಸಿ ಎಲ್ಲಾ ಗೊತ್ತಿರೋವೇ. ಸರ್ಕ್ಯೂಟ್ ಡಯಾಗ್ರಾಂ ಸಿಕ್ಕಿದ್ರೆ ಪ್ರಿಂಟ್ ಹಾಕ್ಸಿ ತನ್ನಿ, ನೋಡಣ" ಅಂದರು. ಡಯಾಗ್ರಾಂ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟೆ. ಮುಂದಿನ ಸಲ ಹೋದಾಗ ಆ ಹಾಳೆಯ ಮೇಲೆ ಕೆಂಪು, ನೀಲಿ ಪೆನ್ನಿನಲ್ಲಿ ಗೆರೆಗಳು ತುಂಬಿದ್ದವು. ಓದಿದ್ದರು, ಸುಮ್ನೆ ತಿರುಗಿಸಿ ಇಟ್ಟಿರಲಿಲ್ಲ.

ಇವರ ಕೆಲಸದ ಕ್ರಮ ನನಗೆ ಬಹಳ ಹಿಡಿಸಿತು. ನಾನು ಆನ್ ಮಾಡಿ ತೋರಿಸುತ್ತೇನೆ ಅಂದರೆ ಬಿಡಲಿಲ್ಲ. ಮೊದಲು ಪವರ್ ಸಪ್ಲೈ ಬಿಚ್ಚಿದರು. ಒಳಗೆ ಕರೆಂಟ್ ಬರುವ ಬಾಗಿಲಲ್ಲೇ ಜೇನುಬಣ್ಣದ, ಒಳಗಿನದು ಕಾಣುವಂಥ ಒಂದು ಚೌಕ ಕಂಡೆನ್ಸರ್ ಇತ್ತು. ಅದರ ಮೈ ಮೇಲೆ ಕೂದಲೆಳೆಯಂಥ ಸೀಳುಗಳು. ಭೂತಗನ್ನಡಿ ನನ್ನ ಕೈಗೆ ಕೊಟ್ಟು ನೋಡಿಸಿದರು. ಇದು ಕಾಗದದ ಪದರ ಇರುವ ಹಳೇ ಮಾದರಿಯ ಕಂಡೆನ್ಸರ್. ವರ್ಷಗಳಾದ ಮೇಲೆ ಮೈ ಸೀಳುತ್ತದೆ, ಗಾಳಿಯ ತೇವ ಒಳಗೆ ಹೋಗುತ್ತದೆ, ಒಂದು ದಿನ ಶಾರ್ಟ್ ಆಗಿ ಠಪ್ ಅಂದು ಇಡೀ ಮನೆಗೆ ಹೊಗೆ ತುಂಬಿಸುತ್ತದೆ. ಬಹಳ ವರ್ಷ ಅಟ್ಟದಲ್ಲಿದ್ದ ಬಿಬಿಸಿ ಮೈಕ್ರೋ ನಿಮ್ಮಲ್ಲಿ ಇದ್ದರೆ ದಯವಿಟ್ಟು ಇದನ್ನು ಬದಲಾಯಿಸದೆ ಆನ್ ಮಾಡಬೇಡಿ. ನೇರವಾಗಿ ಮೇನ್ಸ್‌ಗೆ ಕೂರುವ ಕಂಡೆನ್ಸರ್ ಆದ್ದರಿಂದ ಅಲ್ಲಿ ಎಕ್ಸ್2 ಅಂತ ಗುರುತು ಇರುವ ಸುರಕ್ಷತಾ ದರ್ಜೆಯದನ್ನೇ ಹಾಕಬೇಕು. ಅವರು 275 ವೋಲ್ಟ್ ಏಸಿಯ, ಪ್ಲಾಸ್ಟಿಕ್ ಪದರದ ಹೊಸ ಕಂಡೆನ್ಸರ್ ಹಾಕಿದರು. ಪಕ್ಕದಲ್ಲೇ ಒಣಗಿದ್ದ ಎಲೆಕ್ಟ್ರೋಲೈಟಿಕ್ ಕಂಡೆನ್ಸರ್‌ಗಳನ್ನು ಮೀಟರಿನಲ್ಲಿ ಅಳೆದು, ಕೆಟ್ಟವನ್ನು ಮಾತ್ರ ತೆಗೆದರು. ಚೆನ್ನಾಗಿರುವುದಕ್ಕೆ ಕೈ ಹಚ್ಚಲಿಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ಕಿತ್ತು ಹಾಕಿ ಬಿಲ್ ದೊಡ್ಡದು ಮಾಡುವವರನ್ನು ನೋಡಿದವನಿಗೆ ಇದು ದೊಡ್ಡ ವಿಷಯ.

ಆಮೇಲೆ ಆನ್ ಮಾಡಿ ವೋಲ್ಟೇಜ್ ನೋಡಿದರು. ಪವರ್ ಸಪ್ಲೈ ಬಾಯಲ್ಲಿ 5 ವೋಲ್ಟಿಗಿಂತ ಒಂದು ಕೂದಲು ಜಾಸ್ತಿ. ಸರಿಯಾಗಿದೆ ಅಂತ ನಾನು ಅಂದುಕೊಂಡೆ. ಅವರು ಮೀಟರಿನ ಕಡ್ಡಿಗಳನ್ನು ಬೋರ್ಡಿನ ಆ ತುದಿಗೆ, ಮೆಮೊರಿ ಚಿಪ್‌ಗಳ ಕಾಲಿಗೇ ಇಟ್ಟರು. ಅಲ್ಲಿ 4.6. ಈ ಕಾಲದ ಚಿಪ್‌ಗಳಿಗೆ 4.75ರಿಂದ 5.25ರ ಒಳಗೆ ಇರಬೇಕು. ಮಧ್ಯದಲ್ಲಿ ನುಂಗಿದ್ದು ಯಾರು? ಪವರ್ ಸಪ್ಲೈಯಿಂದ ಬೋರ್ಡಿಗೆ ಹಲವು ಜೋಡಿ ವೈರ್ ಬರುತ್ತವೆ, ಬೋರ್ಡಿನ ಚಪ್ಪಟೆ ತಗಡಿನ ಕಾಲುಗಳಿಗೆ ಅವು ಸಿಕ್ಕಿಕೊಂಡಿರುತ್ತವೆ. ಆ ಜಾಗ ಕಪ್ಪಗೆ ಕಿಲುಬು ಹಿಡಿದಿತ್ತು. ಒಂದು ಕ್ಲಿಪ್ ಅಂತೂ ಸಡಿಲಾಗಿ ಅಲ್ಲಾಡುತ್ತಿತ್ತು. ಎಲ್ಲಾ ಬಿಚ್ಚಿ, ಉಜ್ಜಿ, ಹೊಸ ಕ್ಲಿಪ್ ಒತ್ತಿ ಕೂರಿಸಿದರು. ಮತ್ತೆ ಅಳೆದರೆ ಅದೇ ಮೆಮೊರಿ ಚಿಪ್ ಕಾಲಿನಲ್ಲಿ 4.95. "ಟ್ಯಾಂಕ್ ತುಂಬಿದ್ರೆ ಸಾಲ್ದು ಸಾರ್, ನಲ್ಲಿಲಿ ಬರ್ಬೇಕು" ಅಂದರು.

ಇಷ್ಟಕ್ಕೇ ಆನ್ ಆಗುವಾಗಿನ ತೊಂದರೆ ಹೋಯಿತು. ದಪ್ಪ ಸದ್ದು, ಬೀಪ್, ಪರದೆಯ ಮೇಲೆ ಬಿಬಿಸಿ ಕಂಪ್ಯೂಟರ್ 32ಕೆ, ಕೆಳಗೆ ಬೇಸಿಕ್, ಅಂದರೆ ಈ ಯಂತ್ರದಲ್ಲಿ ಪ್ರೋಗ್ರಾಂ ಬರೆಯುವ ಭಾಷೆಯ ಹೆಸರು. ಪ್ರತಿ ಸಲವೂ. ನಾನು ಆ ಹೊತ್ತಿಗೆ ದುಡ್ಡು ಕೊಟ್ಟು ಹೊರಡುತ್ತಿದ್ದೆನೇನೋ. ಅವರು ಬಿಡಲಿಲ್ಲ, ಬಿಸಿಯಾಗಲಿ, ನೋಡೋಣ ಅಂದರು.

ಬಿಸಿಯಾದ ಮೇಲೆ ಮತ್ತೆ ಹ್ಯಾಂಗ್. ಈ ಯಂತ್ರದಲ್ಲಿ ಅತಿ ಬಿಸಿಯಾಗುವ ಚಿಪ್‌ಗಳಲ್ಲಿ ವಿಡಿಯೋ ಯುಎಲ್‌ಎ ಒಂದು. ತಲೆಯ ಮೇಲೆ ಶಾಖ ಹೀರುವ ಲೋಹದ ರೆಕ್ಕೆ ಅಂಟಿಸಿರುತ್ತಾರೆ. ಇದರ ಕೆಲಸ ಪರದೆಗೆ ಬಣ್ಣ ಕೊಡುವುದಷ್ಟೇ ಅಲ್ಲ. 16 ಮೆಗಾಹರ್ಟ್ಜ್ ಗಡಿಯಾರದ ಮಿಡಿತವನ್ನು 8, 4, 2, 1 ಅಂತ ಭಾಗ ಮಾಡಿ ಉಳಿದ ಚಿಪ್‌ಗಳಿಗೆ ಹಂಚುವುದೂ ಇದೇ. ಇದು ಒಂದು ಕ್ಷಣ ತಡವರಿಸಿದರೆ ಪ್ರೊಸೆಸರ್ ಅಲ್ಲೇ ದಿಕ್ಕು ತಪ್ಪುತ್ತದೆ, ಬ್ರೇಕ್ ಕೀ ಒತ್ತಿದರೂ ಏಳುವುದಿಲ್ಲ. ಅವರು ತಣ್ಣಗೆ ಮಾಡುವ ಸ್ಪ್ರೇ ಡಬ್ಬಿ ತೆಗೆದುಕೊಂಡು ಮೊದಲು ಪ್ರೊಸೆಸರ್ ಮೇಲೆ, ಆಮೇಲೆ ಮೆಮೊರಿ ಚಿಪ್‌ಗಳ ಸಾಲಿನ ಮೇಲೆ ಒಂದೊಂದಾಗಿ ಹೊಡೆದು ನೋಡಿದರು. ಏನೂ ಬದಲಾಗಲಿಲ್ಲ. ಯುಎಲ್‌ಎ ಮೇಲೆ ಹೊಡೆದು ಬ್ರೇಕ್ ಒತ್ತಿದ ಕೂಡಲೇ ಬೀಪ್ ಬಂತು. ಸರಿ, ಚಿಪ್ ಹೋಗಿದೆ ಅಂತ ನನ್ನ ಎದೆ ಧಸಕ್ಕೆಂದಿತು. ಈ ಚಿಪ್ ಇದೇ ಯಂತ್ರಕ್ಕಾಗಿ ಮಾಡಿಸಿದ್ದು, ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಅವರು ತೀರ್ಪು ಕೊಡಲು ಅವಸರ ಮಾಡಲಿಲ್ಲ. ಮತ್ತೆ ಬಿಸಿಯಾಗಲು ಬಿಟ್ಟು, ಹ್ಯಾಂಗ್ ಆದ ಮೇಲೆ ಈ ಸಲ ಸ್ಪ್ರೇ ಹೊಡೆಯದೆ ಪ್ಲಾಸ್ಟಿಕ್ ಕಡ್ಡಿಯಿಂದ ಚಿಪ್‌ನ ಮೂಲೆ ಒತ್ತಿದರು. ಬ್ರೇಕ್ ಕೀಗೆ ಜೀವ ಬಂತು. ಚಿಪ್ ಸರಿಯಾಗಿದೆ, ಸಾಕೆಟ್ ಸಡಿಲ. ಬಿಸಿಗೆ ಹಿಗ್ಗಿದಾಗ ಒಂದು ಕಾಲು ಸಂಪರ್ಕ ಬಿಡುತ್ತಿತ್ತು. ಹಳೇ ಸಾಕೆಟ್ ಕಿತ್ತು ಹೊಸದು ಹಾಕಿದರು. ಆ ಸಾಕೆಟ್ಟಿನ ಬೆಲೆ ಒಂದು ಪ್ಲೇಟ್ ಇಡ್ಲಿಯಷ್ಟು. ಸ್ಪ್ರೇ ನೋಡಿಯೇ ನಿರ್ಧಾರ ಮಾಡಿದ್ದರೆ ಇಲ್ಲದ ಚಿಪ್ ಹುಡುಕಿಕೊಂಡು ನಾನು ವಿದೇಶಕ್ಕೆ ದುಡ್ಡು ಕಳಿಸುತ್ತಿದ್ದೆ.

ಈಗ ಶಬ್ದದ ಕಥೆಗೆ ಬರುತ್ತೇನೆ. ನನಗೆ ಇದೇ ಎಲ್ಲಕ್ಕಿಂತ ಸಂತೋಷ ಕೊಟ್ಟ ಭಾಗ.

ಬಿಬಿಸಿ ಮೈಕ್ರೋದಲ್ಲಿ ಇರುವುದು ಎಸ್‌ಎನ್76489 ಅನ್ನುವ ಶಬ್ದದ ಚಿಪ್. ಮೂರು ಸ್ವರದ ಚಾನೆಲ್, ಒಂದು ಸದ್ದಿನ ಚಾನೆಲ್. ಬೇಸಿಕ್‌ನಲ್ಲಿ ಸೌಂಡ್ 1,-15,53,20 ಅಂತ ಕೊಟ್ಟರೆ ಒಂದನೇ ಚಾನೆಲ್‌ನಲ್ಲಿ, ಪೂರ್ತಿ ಜೋರಾಗಿ, ಮಧ್ಯ ಸ್ಥಾಯಿಯ ಸಿ ಸ್ವರ ಒಂದು ಸೆಕೆಂಡ್ ಕೇಳಬೇಕು. ಕೊನೆಯ ಸಂಖ್ಯೆ ಕಾಲ, 20 ಅಂದರೆ ಒಂದು ಸೆಕೆಂಡ್. ಮೂರನೇ ಸಂಖ್ಯೆ ಶ್ರುತಿ. ಅದು 4 ಹೆಚ್ಚಾದರೆ ಸ್ವರ ಅರ್ಧ ಮನೆ ಮೇಲೇರುತ್ತದೆ. ನಾನು ಇಷ್ಟು ಹೇಳಿದ್ದೇ ತಡ, ಯಜಮಾನರು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು. 53, 57, 69, 73, 81, 85, 97, 101. ಇವನ್ನು ಸಾಲಾಗಿ ನುಡಿಸುವ ಪುಟ್ಟ ಪ್ರೋಗ್ರಾಂ ಬರೆಯಿರಿ ಅಂದರು. ಬರೆದೆ. ಬಂದಿದ್ದು ಮಾಯಾಮಾಳವಗೌಳ! ಸರಳೆ ವರಸೆಯ ಸ ರಿ ಗ ಮ ಪ ದ ನಿ ಸ. ಸಂಗೀತದ ಪಾಠಕ್ಕೆ ಕೂತ ಯಾವ ಮಗುವಿಗಾದರೂ ಮೊದಲು ಕಿವಿಗೆ ಬೀಳುವುದು ಇದೇ ಅಲ್ವಾ. "ಇದ್ರಲ್ಲಿ ಎಲ್ಲಿ ತಪ್ಪಿದ್ರೂ ನಂಗೆ ಗೊತ್ತಾಗ್ತದೆ ಸಾರ್, ಸ್ಕೋಪೇ ಬೇಡ" ಅಂದರು. ಸ್ಕೋಪ್ ಅಂದರೆ ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಅಳತೆಯ ಯಂತ್ರ. ಶ್ರುತಿಪೆಟ್ಟಿಗೆ ರಿಪೇರಿ ಮಾಡಿ ಮಾಡಿ ಅವರ ಕಿವಿ ಅಷ್ಟು ಪಳಗಿದೆ.

ಮೊದಲ ಕೆಲವು ಸುತ್ತು ಸರಿಯಾಗಿ ಬಂತು. ಆಮೇಲೆ ಗಾಂಧಾರದ ಜಾಗದಲ್ಲಿ ಏನೋ ಕೀರಲು. ಮತ್ತೊಂದು ಸುತ್ತಿನಲ್ಲಿ ಪಂಚಮ ನಿಲ್ಲಲೇ ಇಲ್ಲ, ಮುಂದಿನ ಸ್ವರ ಬಂದರೂ ಎಳೆಯುತ್ತಲೇ ಇತ್ತು. ಮೂರು ಚಾನೆಲ್‌ನಲ್ಲೂ ನೋಡಿದರು. ಮೂರರಲ್ಲೂ ಹಾಗೇ. ಒಂದೇ ಚಾನೆಲ್ ಕೆಟ್ಟಿದ್ದರೆ ಚಿಪ್ಪಿನ ಮೇಲೆ ಅನುಮಾನ ಪಡಬಹುದಿತ್ತು, ಮೂರೂ ಹೀಗಾದರೆ ಚಿಪ್ಪಿಗೆ ಹೋಗುವ ಅಪ್ಪಣೆಯೇ ತಪ್ಪಾಗಿ ಹೋಗುತ್ತಿದೆ ಅಂತ ಅವರ ತರ್ಕ. ಆಮೇಲೆ ನನ್ನನ್ನು ಕೇಳಿದರು, ಕೀಬೋರ್ಡಿನಲ್ಲೂ ಅಕ್ಷರ ತಪ್ಪುತ್ತದೆ ಅಂದಿದ್ದಿರಲ್ಲ, ಅದು ಶಬ್ದ ಕೆಟ್ಟ ಹೊತ್ತಿನಲ್ಲೇನಾ? ಹೌದು, ಯೋಚಿಸಿ ನೋಡಿದರೆ ಎರಡೂ ಜೊತೆಯಲ್ಲೇ ಆಗುತ್ತಿದ್ದವು.

ಅವರು ಡಯಾಗ್ರಾಂ ಹಾಳೆ ಹರಡಿ ಕೆಂಪು ಗೆರೆಯ ಮೇಲೆ ಬೆರಳಿಟ್ಟರು. ಈ ಯಂತ್ರದಲ್ಲಿ ಶಬ್ದದ ಚಿಪ್ ಪ್ರೊಸೆಸರ್ ಜೊತೆ ನೇರವಾಗಿ ಮಾತಾಡುವುದಿಲ್ಲ. ಮಧ್ಯದಲ್ಲಿ 6522 ಅನ್ನುವ ಚಿಪ್ ಇದೆ, ಸಿಸ್ಟಮ್ ವಿಐಎ ಅಂತ ಕರೆಯುತ್ತಾರೆ. ಅದರಿಂದ ಹೊರಡುವ ಎಂಟು ಗೆರೆಗಳ ನಿಧಾನ ದಾರಿಯಲ್ಲೇ ಶಬ್ದದ ಚಿಪ್ ಇದೆ, ಅದೇ ದಾರಿಯಲ್ಲೇ ಕೀಬೋರ್ಡೂ ಇದೆ. ಕೀ ಒತ್ತಿದೆಯೋ ಇಲ್ಲವೋ ಅನ್ನುವ ಉತ್ತರ ವಾಪಸ್ ಬರುವುದು ಎಂಟನೆಯ, ಅಂದರೆ ಡಿ7 ಗೆರೆಯಲ್ಲಿ (ಎಣಿಕೆ ಡಿ0ಯಿಂದ ಶುರು). ಶಬ್ದದ ಚಿಪ್ಪಿಗೂ ಅದೇ ಗೆರೆ ಬಹಳ ಮುಖ್ಯ. ಒಂದು ಸ್ವರದ ಶ್ರುತಿಯನ್ನು ಎರಡು ಕಂತಿನಲ್ಲಿ ಕಳಿಸುತ್ತಾರೆ. ಮೊದಲ ಕಂತಿನಲ್ಲಿ ಡಿ7 ಒಂದು ಆಗಿರುತ್ತದೆ, ಇದು ಹೊಸ ಅಪ್ಪಣೆ, ಇಂಥ ಚಾನೆಲ್ಲಿಗೆ ಅಂತ ಅರ್ಥ. ಎರಡನೆಯದರಲ್ಲಿ ಸೊನ್ನೆ, ಹಿಂದಿನದರ ಮುಂದುವರಿಕೆ ಅಂತ ಅರ್ಥ. ಸ್ವರ ನಿಲ್ಲಿಸು ಅನ್ನುವ ಅಪ್ಪಣೆಯೂ ಡಿ7 ಒಂದು ಆಗಿದ್ದರೆ ಮಾತ್ರ ಅಪ್ಪಣೆ. ಆ ಒಂದು ಗೆರೆ ತಪ್ಪಿದರೆ, ಹೊಸ ಅಪ್ಪಣೆಯನ್ನು ಹಳೆಯದರ ಬಾಲ ಅಂದುಕೊಂಡು ಚಿಪ್ ತಪ್ಪು ಸ್ವರ ನುಡಿಸುತ್ತದೆ, ನಿಲ್ಲು ಅಂದರೆ ನಿಲ್ಲುವುದಿಲ್ಲ. ಕೀಬೋರ್ಡಿನಲ್ಲಿ ಅದೇ ಹೊತ್ತಿಗೆ ಅಕ್ಷರ ನುಂಗುತ್ತದೆ. ನಾನು ಎರಡು ಕಾಯಿಲೆ ಅಂದುಕೊಂಡಿದ್ದು ಒಂದೇ ಕಾಯಿಲೆ.

ಬೋರ್ಡ್ ಮಗುಚಿ ಹಾಕಿ, 6522ರ ಆ ಕಾಲನ್ನು ಭೂತಗನ್ನಡಿಯಲ್ಲಿ ನೋಡಿದರು. ಸೋಲ್ಡರ್ ಮೇಲೆ ಕಾಲಿನ ಸುತ್ತ ಒಂದು ಸಣ್ಣ ಉಂಗುರದಂಥ ಬಿರುಕು. ಡ್ರೈ ಸೋಲ್ಡರ್, ಅಂದರೆ ಬೆಸುಗೆ ಇದ್ದ ಹಾಗೆ ಕಂಡರೂ ಸಂಪರ್ಕ ಸರಿಯಾಗಿ ಇರುವುದಿಲ್ಲ. ಹಳೇ ಬೆಸುಗೆಯನ್ನು ಪೂರ್ತಿ ಹೀರಿ ತೆಗೆದು, ಫ್ಲಕ್ಸ್ ಹಚ್ಚಿ, ಹೊಸದಾಗಿ ಬೆಸೆದರು. ಪಕ್ಕದ ಕಾಲುಗಳನ್ನೂ ನೋಡಿದರು, ಅನುಮಾನ ಇದ್ದವನ್ನು ಮಾತ್ರ ಮತ್ತೆ ಬೆಸೆದರು. ಆಮೇಲೆ ಸರಳೆ ವರಸೆಯನ್ನು ಮೂರು ಚಾನೆಲ್‌ನಲ್ಲಿ ಸರದಿಯ ಮೇಲೆ, ನಿಲ್ಲಿಸದೆ, ದಿನವಿಡೀ ಓಡಲು ಬಿಟ್ಟರು. ನಾನು ಸಂಜೆ ಹೋದಾಗ ಅವರ ಹುಡುಗ ಸ್ಟಾರ್ಟರ್ ಪ್ಯಾನೆಲ್ ಬಿಚ್ಚುತ್ತಾ ಅದರ ಜೊತೆಗೆ ಗುನುಗುತ್ತಿದ್ದ. "ಬೆಳಗ್ಗಿಂದ ಒಂದು ಕಡೆನೂ ತಪ್ಪಿಲ್ಲ ಅಣ್ಣ" ಅಂದ.

ಒಂದು ಸದ್ದು ಮಾತ್ರ ಪೂರ್ತಿ ಹೋಗಿಲ್ಲ. ಏನೂ ನುಡಿಸದೆ ಇದ್ದಾಗಲೂ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ. ಮೊದಲು ಇದು ಜೋರಾಗಿತ್ತು. ಆಂಪ್ಲಿಫೈಯರ್ ಚಿಪ್ ಹತ್ತಿರದ ಕಂಡೆನ್ಸರ್ ಬದಲಾಯಿಸಿದ ಮೇಲೆ, ವಾಲ್ಯೂಮ್ ತಿರುಪನ್ನು ಸ್ವಚ್ಛ ಮಾಡಿದ ಮೇಲೆ ಬಹಳ ಕಡಿಮೆಯಾಗಿದೆ. ಉಳಿದದ್ದು ಈ ಯಂತ್ರದ ಹುಟ್ಟುಗುಣ. ಶಬ್ದದ ಗೆರೆಗಳೂ ಡಿಜಿಟಲ್ ಗೆರೆಗಳೂ ಒಂದೇ ಬೋರ್ಡಿನಲ್ಲಿ ಅಕ್ಕಪಕ್ಕ ಓಡುವುದರಿಂದ ಈ ಗುಂಯ್ ಸೇರಿಕೊಳ್ಳುತ್ತದೆ. ಟ್ರ್ಯಾಕ್ ಕತ್ತರಿಸಿ, ಹೊಸ ವೈರ್ ಎಳೆದು ಇನ್ನೂ ಕಡಿಮೆ ಮಾಡಬಹುದು ಅಂದರು, ಆದರೆ ತಾವು ಮಾಡುವುದಿಲ್ಲ ಅಂದರು. ಚೆನ್ನಾಗಿರುವ ಬೋರ್ಡ್ ಕತ್ತರಿಸಲು ಅವರಿಗೆ ಮನಸ್ಸಿಲ್ಲ. ನನಗೂ ಇಲ್ಲ. ಹಾಗೆಯೇ ತೀರಾ ಮೇಲಿನ ಸ್ಥಾಯಿಯಲ್ಲಿ ಶ್ರುತಿ ಸ್ವಲ್ಪ ಆಚೀಚೆ ಆಗುತ್ತದೆ. ಅದೂ ದೋಷವಲ್ಲ. ಈ ಚಿಪ್ 1,25,000ವನ್ನು ಒಂದು ಪೂರ್ಣ ಸಂಖ್ಯೆಯಿಂದ ಭಾಗಿಸಿ ಸ್ವರ ಮಾಡುತ್ತದೆ. ಮೇಲೆ ಹೋದಂತೆ ಭಾಗಿಸುವ ಸಂಖ್ಯೆ ಚಿಕ್ಕದಾಗಿ, ಸ್ವರದಿಂದ ಸ್ವರಕ್ಕೆ ಮೆಟ್ಟಿಲು ದೊಡ್ಡದಾಗುತ್ತದೆ. ಕೆಳಗೆ 122 ಹರ್ಟ್ಜ್‌ಗಿಂತ ಇಳಿಯುವುದೂ ಇಲ್ಲ, ಯಾಕೆಂದರೆ ಭಾಗಿಸುವ ಸಂಖ್ಯೆ 1023 ದಾಟುವುದಿಲ್ಲ. ಇದನ್ನು ಸರಿ ಮಾಡಿಕೊಡಿ ಅಂತ ಯಾವ ರಿಪೇರಿಯವರನ್ನೂ ಕೇಳಬೇಡಿ.

ಹಿಂದಿನವರು ಬದಲಾಯಿಸಿದ್ದೇವೆ ಅಂದಿದ್ದ ಶಬ್ದದ ಚಿಪ್ ಬಗ್ಗೆ ಕೇಳಿದೆ. ಅದರ ಕಾಲುಗಳ ಬೆಸುಗೆ ಕಾರ್ಖಾನೆಯದೇ, ಯಾರೂ ಮುಟ್ಟಿದ ಗುರುತಿಲ್ಲ ಅಂತ ತೋರಿಸಿದರು. ಅವರ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ತೋರಿಸಿದರು, ಅಷ್ಟೇ.

ದುಡ್ಡಿನ ವಿಷಯ. ಬಿಡಿಭಾಗ, ಕೂಲಿ ಎಲ್ಲಾ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಬಿಚ್ಚಿ ನೋಡುವುದಕ್ಕೆ ಮೊದಲು ಒಂದು ಸಣ್ಣ ಮೊತ್ತ ತೆಗೆದುಕೊಳ್ಳುತ್ತಾರೆ, ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ತೆಗೆದ ಹಳೇ ಭಾಗಗಳನ್ನೆಲ್ಲಾ ಒಂದು ಕವರಿಗೆ ಹಾಕಿ, ಯಾವುದು ಎಲ್ಲಿಯದು ಅಂತ ಬರೆದು ವಾಪಸ್ ಕೊಟ್ಟರು. ಡಯಾಗ್ರಾಂ ಹಾಳೆಯನ್ನೂ ಅಳತೆಗಳನ್ನು ಗುರುತು ಹಾಕಿ ಕೊಟ್ಟಿದ್ದಾರೆ. ಅದನ್ನು ನಾನು ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದೇನೆ. ಮುಂದೆ ಯಾರು ಈ ಯಂತ್ರ ಬಿಚ್ಚಿದರೂ ಎಲ್ಲಿ ಎಷ್ಟು ವೋಲ್ಟ್ ಇರಬೇಕು ಅಂತ ಹುಡುಕಬೇಕಾಗಿಲ್ಲ.

ಕೊರತೆಗಳನ್ನೂ ಹೇಳಬೇಕು. ಬಹಳ ನಿಧಾನ. ರೈತರ ಸ್ಟಾರ್ಟರ್ ಬಂದರೆ ನಿಮ್ಮದು ಪಕ್ಕಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ತೋಟಕ್ಕೆ ನೀರಿಲ್ಲದೆ ಬಂದವರನ್ನು ಕಾಯಿಸುವುದಿಲ್ಲ ಅಂತ ಅವರೇ ಹೇಳುತ್ತಾರೆ, ನಾನು ಅದನ್ನು ಒಪ್ಪುತ್ತೇನೆ. ಅವಸರ ಇರುವವರು ಮಳೆ ಹಿಡಿದ ಮೇಲೆ ಹೋಗಿ. ಫೋನ್ ಎತ್ತುವುದು ಅಪರೂಪ, ಕೆಲಸ ಎಲ್ಲಿಗೆ ಬಂತು ಅಂತ ತಿಳಿಯಬೇಕಾದರೆ ಖುದ್ದಾಗಿ ಹೋಗಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಆ ಗಲ್ಲಿಗೆ ಕಾರ್ ಹೋಗುವುದಿಲ್ಲ, ಲಾರಿಗಳಿಂದ ಮೂಟೆ ಇಳಿಸುವ ಹೊತ್ತಿನಲ್ಲಿ ಸ್ಕೂಟರಿಗೂ ಕಷ್ಟ. ಕೊರಿಯರಿನಲ್ಲಿ ಕಳಿಸಿದರೆ ತೆಗೆದುಕೊಳ್ಳುವುದಿಲ್ಲ. ಈ ಯಂತ್ರಕ್ಕೆ ಮಾತ್ರ ಸಿಗುವ ವಿಶೇಷ ಚಿಪ್ ಬೇಕಾದರೆ ನೀವೇ ತರಿಸಿಕೊಡಬೇಕು. ಮಾಮೂಲಿ ಐಸಿ, ಸಾಕೆಟ್, ಕಂಡೆನ್ಸರ್ ಎಲ್ಲಾ ಅವರೇ ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸುತ್ತಾರೆ.

ಹೋಗುವವರಿಗೆ ಒಂದೆರಡು ಮಾತು. ಯಂತ್ರದ ಜೊತೆ ಅದರ ವಿಡಿಯೋ ಕೇಬಲ್ ತಗೊಂಡು ಹೋಗಿ. ಅವರ ಹತ್ತಿರ ಹಳೇ ಡಬ್ಬಾ ಟಿವಿ ಇದೆ, ಆದರೆ ಬಿಬಿಸಿ ಮೈಕ್ರೋದ ಸಾಕೆಟ್ಟಿಗೆ ಹೊಂದುವ ತಂತಿ ಇಲ್ಲ. ಸರ್ಕ್ಯೂಟ್ ಡಯಾಗ್ರಾಂ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಹ್ಯಾಂಗ್ ಆಗುತ್ತದೆ ಅಂತ ಮಾತ್ರ ಹೇಳಬೇಡಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಬ್ರೇಕ್ ಒತ್ತಿದರೆ ಬಿಡುತ್ತದೋ ಇಲ್ಲವೋ, ಆ ಹೊತ್ತಿಗೆ ಶಬ್ದ ಏನಾಗುತ್ತದೆ, ಕೀಬೋರ್ಡ್ ಏನಾಗುತ್ತದೆ, ಎಲ್ಲಾ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಅದನ್ನು ಓದುತ್ತಾರೆ.

ನನ್ನದರಲ್ಲಿ ಒಂದು ಕೆಲಸ ಇನ್ನೂ ಬಾಕಿ. ಕ್ಯಾಸೆಟ್ ರೆಕಾರ್ಡರಿನ ಮೋಟರನ್ನು ಓಡಿಸಿ ನಿಲ್ಲಿಸುವ ಪುಟ್ಟ ರಿಲೇ ಒಂದು ಬೋರ್ಡಿನಲ್ಲಿದೆ, ಅದು ಆಗಾಗ ಅಂಟಿಕೊಳ್ಳುತ್ತದೆ. ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಶಬ್ದದ ರೂಪದಲ್ಲೇ ಇರುವುದರಿಂದ, ಸದ್ಯಕ್ಕೆ ಮೊಬೈಲಿನಿಂದಲೇ ಶಬ್ದದ ಫೈಲ್ ನುಡಿಸಿ ಪ್ರೋಗ್ರಾಂ ಲೋಡ್ ಮಾಡಿಕೊಳ್ಳುತ್ತಿದ್ದೇನೆ, ಅದು ಚೆನ್ನಾಗಿ ನಡೆಯುತ್ತಿದೆ. ಮಾವನ ಹಳೇ ಕ್ಯಾಸೆಟ್‌ಗಳನ್ನು ಓದಿಸಬೇಕಾದರೆ ರಿಲೇ ಸರಿಯಾಗಬೇಕು. ಅದಕ್ಕೂ ಇಲ್ಲಿಗೇ ಹೋಗುತ್ತೇನೆ, ಮಳೆಗಾಲ ಶುರುವಾಗಲಿ ಅಂತ ಕಾಯುತ್ತಿದ್ದೇನೆ.